ಒಂದೇ ದೂರದ ಎರಡು ಕಂಬ

ಅಲಬಾಮಾದ ಹೆಲಿಕಾಪ್ಟರ್ ಶಾಲೆಯಲ್ಲಿ ರಾಯ್ಸ್ ಟಿಡ್‌ವೆಲ್ ಅಂದರೆ ಸಾಕು, ಹುಡುಗರು ದಾರಿ ಬಿಟ್ಟು ಸರಿಯುತ್ತಿದ್ದರು. ಹಾರಲು ಕಲಿಸುವುದಕ್ಕಿಂತ ಹೀಯಾಳಿಸುವುದರಲ್ಲೇ ಈ ಮೇಷ್ಟ್ರು ಪಳಗಿದ್ದ. ಅಂಥವನ ಎಡಗಣ್ಣು ಹೋದ ಚಳಿಗಾಲದಲ್ಲಿ ಕೆಟ್ಟು ಕೂತಿತು. ವೈದ್ಯರ ಅಕ್ಷರದ ಹಲಗೆಯನ್ನು ಬಾಯಿಪಾಠ ಮಾಡಿ ಹೇಗೋ ಪಾರಾದ. ನೆಲದ ಮೇಲೇ ಹಾರಾಟ ಕಲಿಸುವ ಸಿಮ್ಯುಲೇಟರಿನ ಪರದೆಯಂತೂ ಚಪ್ಪಟೆ. ಅದಕ್ಕೆ ಒಂದು ಕಣ್ಣು ಧಾರಾಳವಾಯಿತು.

ಆದರೆ ಈಗ ಹೊಸ ಪರದೆ ಬಂದಿತ್ತು. ಕನ್ನಡಕ ಹಾಕಿಕೊಂಡರೆ ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ. ಎರಡು ಕಣ್ಣೂ ಕೂಡಿ ನೋಡಿದರೆ ಮಾತ್ರ ಯಾವುದು ಹತ್ತಿರ, ಯಾವುದು ದೂರ ಎಂದು ತಿಳಿಯುವುದು. ಮೇಷ್ಟ್ರುಗಳೆಲ್ಲ ಅದರಲ್ಲಿ ಪಾಸಾಗಬೇಕು, ಇಲ್ಲದಿದ್ದರೆ ಹಾರಾಟ ಬಂದ್. ಹಾರಾಟ ಬಿಟ್ಟರೆ ರಾಯ್ಸನಿಗೆ ಬೇರೆ ಬದುಕೇ ಇರಲಿಲ್ಲ.

ಪರದೆ ನಡೆಸುತ್ತಿದ್ದವನು ಲಮಾರ್ ಪ್ರುಯಿಟ್. ಪೈಲಟ್ ಆಗಲು ಬಂದಿದ್ದ ಅವನನ್ನು ಫೇಲು ಮಾಡಿ ಓಡಿಸಿದವನು ಇದೇ ರಾಯ್ಸ್. ಹಾಳಾದ್ದು, ಈಗ ಅವನ ಮುಂದೆಯೇ ಹಲ್ಲು ಗಿಂಜಬೇಕು!

"ಲಮಾರ್, ಹಳೇದೆಲ್ಲ ಮರೆತ್ಬಿಡಪ್ಪ. ಎಡಗಡೆ ಕಂಬ ಹತ್ರ ಇದ್ರೆ ನನ್ನ ಹೆಡ್‌ಫೋನಲ್ಲಿ ಒಂದ್ಸಲ ಟಿಕ್ ಅನ್ಸು, ಬಲಗಡೇದಾದ್ರೆ ಎರಡ್ಸಲ."

ಲಮಾರ್ ಬೇಯಿಸಿದ ಶೇಂಗಾ ಸುಲಿಯುತ್ತ ನಕ್ಕ. "ಅಷ್ಟೇ ತಾನೆ ಸರ್? ನಾನಿದೀನಿ, ಬಿಡಿ."

ಪರೀಕ್ಷೆಯ ದಿನ ಶಾಲೆಯ ಮುಖ್ಯಸ್ಥ ಮೇಜರ್ ಸ್ಟ್ರಿಕ್ಲಂಡ್ ತಾನೂ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತ. ಪರದೆಯ ಮೇಲೆ ಎರಡು ಕಂಬ. ಒಂದೇ ಎತ್ತರ, ಒಂದೇ ದಪ್ಪ. ಟಿಕ್. "ಎಡಗಡೇದು," ಎಂದ ರಾಯ್ಸ್. ಸರಿ. ಟಿಕ್ ಟಿಕ್. "ಬಲಗಡೇದು." ಅದೂ ಸರಿ. ಹೋದ ಜೀವ ಬಂದಂತಾಯಿತು. ಮತ್ತೆ ಟಿಕ್. ಧೈರ್ಯ ಬಂದಿತ್ತಲ್ಲ, ನಾಲಿಗೆ ಉದ್ದವಾಯಿತು.

"ಎಡಗಡೇದು ಸರ್! ಮೂಗಿಗೇ ಬಡಿಯೋ ಹಾಗಿದೆ. ಇದೂ ಕಾಣ್ದೇ ಇರೋನು ಕುರುಡನೇ ಸೈ."

ಮೇಜರ್ ಕನ್ನಡಕ ತೆಗೆದ. "ಎರಡೂ ಒಂದೇ ದೂರದಲ್ಲಿವೆ, ರಾಯ್ಸ್. ಎಲ್ಲಿ, ಒಂದೊಂದೇ ಕಣ್ಣು ನೋಡೋಣ, ಮೊದಲು ಬಲಗಣ್ಣು ಮುಚ್ಚು. ನನ್ನ ಬೆರಳು ಎಷ್ಟಿದೆ ಹೇಳು."

ರಾಯ್ಸ್ ಕಣ್ಣು ಮುಚ್ಚಲಿಲ್ಲ. ಆ ಕಣ್ಣಿಂದ ನೀರು ಸುರಿಯತೊಡಗಿತು. "ಇನ್ನು ಹಾರೋದು ಬೇಡ," ಎಂದಷ್ಟೇ ಹೇಳಿ ಮೇಜರ್ ಎದ್ದು ಹೋದ.

ಲಮಾರ್ ಒಳಗೆ ಬಂದು ಹೆಡ್‌ಫೋನನ್ನು ಮೆಲ್ಲಗೆ ತೆಗೆದುಕೊಂಡ.

"ಅಳ್ಬೇಡಿ ಸರ್. ನನ್ನ ಓಡಿಸಿದ ದಿನ ನಾನತ್ತಿದ್ದನ್ನ ಕ್ಯಾಂಟೀನಲ್ಲೆಲ್ಲ ಆಡ್ಕೊಂಡು ನಕ್ಕಿದ್ರಿ. ನಾನು ಅಂಥೋನಲ್ಲ, ಯಾರಿಗೂ ಹೇಳಲ್ಲ."

ಮೋಸ ಮಾಡಿದವನ ಕೈಯನ್ನೇ ರಾಯ್ಸ್ ಗಟ್ಟಿಯಾಗಿ ಹಿಡಿದುಕೊಂಡ, ಪಾಪ.

"ಹೇಳೋ ಅಗತ್ಯಾನೂ ಇಲ್ಲ ಬಿಡಿ," ಎಂದ ಲಮಾರ್. "ಪಕ್ಕದ ಕೋಣೇಲಿ ನಿಮ್ಮ ಹುಡುಗರೆಲ್ಲ ಕೂತಿದಾರೆ. ಅಲ್ಲಿನ ಸ್ಪೀಕರ್ ಇನ್ನೂ ಆನಲ್ಲೇ ಇದೆ."