ಅಮ್ಮ ಕರೆದರೂ ತೆಗೆಯದ ಬಾಗಿಲು

ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ, ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕೋಣೆಯಲ್ಲಿ, ಅವಳನ್ನು ಎಲ್ಲರೂ ಇಸ್ತ್ರಿಯಕ್ಕ ಎನ್ನುತ್ತಿದ್ದರು. ಕಂಡವರು ಹೊರಳಾಡಿ ಎದ್ದ ಬಟ್ಟೆಯ ಸುಕ್ಕು ಬಿಡಿಸುವುದಕ್ಕೆ ಈ ದೇಶಕ್ಕೆ ಅವಳು ಬೇಕು. ಅವಳು ಇಲ್ಲೇ ಒಂದು ಮೂಲೆಯಲ್ಲಿ ತಲೆ ಊರಿ ಮಲಗುವುದಕ್ಕೆ ಮಾತ್ರ ಮೊಹರು ಬಿದ್ದ ಕಾಗದ ಬೇಕು. ಎಂಥಾ ನ್ಯಾಯವೋ, ಯಾರು ಮಾಡಿದ್ದೋ!

ಅವತ್ತು ಮಧ್ಯಾಹ್ನ ಕೊಳೆಬಟ್ಟೆಯ ಗಾಡಿ ತಳ್ಳುವವಳು ಎದ್ದೆನೋ ಬಿದ್ದೆನೋ ಎಂದು ಓಡಿಬಂದಳು.

"ಬಂದ್ರು! ಮುಂದಿನ ಬಾಗಿಲಲ್ಲೇ ಇದಾರೆ!"

ಯಾರು ಎಂದು ಒಬ್ಬರೂ ಕೇಳಲಿಲ್ಲ. ಕಾಗದವಿಲ್ಲದವರನ್ನು ಹಿಡಿದು ಗಡಿಯಾಚೆ ದಬ್ಬುವ ಅಧಿಕಾರಿಗಳಿಗೆ ಅಲ್ಲಿ 'ಅವರು' ಎಂದಷ್ಟೇ ಹೆಸರು. ಇಸ್ತ್ರಿಯಕ್ಕ ಅರ್ಧ ಮಡಚಿದ ಬಟ್ಟೆಯನ್ನು ಅಲ್ಲೇ ಎಸೆದು, ಹಿಂಬಾಗಿಲಿನಿಂದ ಕಾಲಿಗೆ ಬುದ್ಧಿ ಹೇಳಿದಳು. ಮನೆಯ ಬೀಗದ ಕೈ, ಫೋನು ಎರಡೂ ಇದ್ದ ಚೀಲ ಕಪಾಟಿನಲ್ಲೇ ಉಳಿಯಿತು. ಅದು ನೆನಪಾದದ್ದು ನಾಲ್ಕನೇ ಮಹಡಿ ಹತ್ತಿ, ತನ್ನ ಬಾಗಿಲೆದುರು ಏದುಸಿರು ಬಿಡುತ್ತಾ ನಿಂತಾಗ.

ಒಳಗೆ ಮಕ್ಕಳಿಬ್ಬರೇ ಇದ್ದರು. ಚಿಕ್ಕವನಿಗೆ ಬೆಳಗಿನಿಂದ ಮೈ ಕೆಂಡ, ಜೊತೆಗೆ ಗೊರಗೊರ ಉಬ್ಬಸ. ಎಂಟು ವರ್ಷದ ಅಕ್ಕನನ್ನು ಶಾಲೆ ಬಿಡಿಸಿ ಅವನ ಪಕ್ಕ ಕೂರಿಸಿ ಬಂದಿದ್ದಳು. ಆಸ್ಪತ್ರೆಗೆ ಯಾಕೆ ಕರೆದೊಯ್ಯಲಿಲ್ಲ ಎಂದು ಕೇಳುವವರ ಹೊಟ್ಟೆ ತಣ್ಣಗಿರಲಿ. ಅವಳ ಗಂಡ ಗಾರೆ ಕೆಲಸದವನು. ಕೈ ಜಜ್ಜಿಕೊಂಡು ಆಸ್ಪತ್ರೆಗೆ ಹೋದವನನ್ನು ಅದರ ಗೇಟಿನಲ್ಲೇ ಹಿಡಿದಿದ್ದರು. ಬ್ಯಾಂಡೇಜು ಕಟ್ಟಿದ ಕೈಗೇ ಕೋಳ ತೊಡಿಸಿದ ಪುಣ್ಯಾತ್ಮರು! ಮನೆಯ ಇನ್ನೊಂದು ಬೀಗದ ಕೈ ಅವನ ಪ್ಯಾಂಟಿನ ಜೇಬಿನಲ್ಲೇ ಗಡಿ ದಾಟಿ ಹೋಯಿತು.

ಅವಳು ಬಾಗಿಲಿಗೆ ಬಾಯಿ ಹಚ್ಚಿ ಮೆಲ್ಲಗೆ ಕರೆದಳು. "ಪುಟ್ಟೀ, ನಾನು ಕಣೇ, ಅಮ್ಮ. ತೆಗಿ."

ಒಳಗೆ ಸದ್ದಿಲ್ಲ.

ಸದ್ದು ಹೇಗಿದ್ದೀತು? ಸದ್ದು ಮಾಡಬಾರದೆಂದು ಕಲಿಸಿದವಳು ಅವಳೇ. ಬಾಗಿಲು ಬಡಿದರೆ ದೀಪ ಆರಿಸು, ನಲ್ಲಿ ನಿಲ್ಲಿಸು, ತಮ್ಮನನ್ನು ಎಳೆದುಕೊಂಡು ಮಂಚದ ಕೆಳಗೆ ತೂರಿಕೋ. ಅನ್ನ ತಿನ್ನಿಸುವಾಗ, ತಲೆ ಬಾಚುವಾಗ ಇದನ್ನೇ ಹೇಳಿ ಹೇಳಿ ಮಗಳಿಗೆ ಬಾಯಿಪಾಠ ಮಾಡಿಸಿದ್ದಳು. ಒಮ್ಮೆ ಕೆಳಗಿನ ಮಹಡಿಯ ಅಡುಗೆಯವಳನ್ನು 'ಅವರು' ದಾರಿಯಲ್ಲಿ ಹಿಡಿದು ಅವಳ ಮನೆಯೆದುರೇ ತಂದು ನಿಲ್ಲಿಸಿದರು, ಅವಳ ಬಾಯಲ್ಲೇ ಗಂಡನನ್ನು ಕರೆಸಿದರು. ಅವನು ಬಾಗಿಲು ತೆಗೆದ, ಇಬ್ಬರೂ ಹೋದರು. ಅವತ್ತೇ ಇಸ್ತ್ರಿಯಕ್ಕ ಮಗಳಿಗೆ ಇನ್ನೊಂದು ಮಾತು ಸೇರಿಸಿದ್ದಳು: "ನಾನೇ ಕರೆದ್ರೂ ತೆಗೀಬೇಡ. ಅತ್ತು ಕರೆದ್ರೂ ತೆಗೀಬೇಡ. ನಾನಾದ್ರೆ ಬೀಗ ತೆಗೆದು ನಾನೇ ಒಳಗೆ ಬರ್ತೀನಿ."

ಈಗ ಅವಳು ಅತ್ತು ಕರೆದಳು. "ಯಾರೂ ಇಲ್ಲ ಬಂಗಾರಿ, ನಾನೊಬ್ಳೇ. ನಿನ್ನಾಣೆ." ಬಾಗಿಲಿಗೆ ಕಿವಿ ಹಚ್ಚಿದಾಗ ಒಳಗಿನಿಂದ ಚಿಕ್ಕವನ ಉಬ್ಬಸ ಸಣ್ಣಗೆ ಕೇಳಿಸಿತು. ಅವಳು ಬಾಗಿಲನ್ನು ಬಡಿದಳು. ಬಡಿದದ್ದೇ ತಪ್ಪಾಯಿತು. ಉಬ್ಬಸದ ಸದ್ದು ಗಪ್ಪನೆ ನಿಂತಿತು.

ಎದುರು ಮನೆಯ ಬಡಗಿಯ ಬಾಗಿಲಿಗೆ ಹೋಗಿ ಎರಡೂ ಕೈಯಲ್ಲಿ ಗುದ್ದಿದಳು. ಅವನಿಗೆ ಕಾಗದವಿತ್ತು, ಕಾಗದವಿದ್ದವರಿಗೆ ಅದು ಹೋದೀತೆಂಬ ಭಯವೂ ಇತ್ತು.

"ಏನಮ್ಮ ಇದು, ಬಾಗಿಲು ಕೂರಿಸೋನ ಹತ್ರ ಬಾಗಿಲು ಒಡೀ ಅಂತೀಯಲ್ಲ?" ಎಂದು ಗೊಣಗಿದ. ಅವಳ ಮುಖ ನೋಡಿ ಆ ತಮಾಷೆ ಅವನಿಗೇ ಕಹಿಯಾಯಿತು. ಉಳಿ ಸುತ್ತಿಗೆ ತಂದ. "ನನ್ನ ಹೆಸರು ಮಾತ್ರ ಎಲ್ಲೂ ಹೇಳ್ಬೇಡಮ್ಮ," ಎಂದು ಬೇಡಿಕೊಳ್ಳುತ್ತಲೇ ಬೀಗದ ಪಕ್ಕದ ಮರವನ್ನು ಸೀಳಿದ.

ಮಂಚದ ಕೆಳಗೆ, ಗೋಡೆಯ ಮೂಲೆಗೆ ಅಂಟಿಕೊಂಡು, ಮಗಳು ತಮ್ಮನನ್ನು ಅವುಚಿ ಹಿಡಿದಿದ್ದಳು. ಅವಳ ಅಂಗೈ ಅವನ ಬಾಯಿಯ ಮೇಲೆ ಬಿಗಿಯಾಗಿ ಕೂತಿತ್ತು. ಇಸ್ತ್ರಿಯಕ್ಕ ಇಬ್ಬರನ್ನೂ ಹೊರಗೆಳೆದು ಆ ಕೈಯನ್ನು ಕಿತ್ತಳು. ಚಿಕ್ಕವನ ತುಟಿ ನೀಲಿಗಟ್ಟಿತ್ತು. ಕಣ್ಣು ಮೇಲಾಗಿತ್ತು. ಬೆನ್ನಿಗೆ ತಟ್ಟಿದಳು, ಮತ್ತೆ ತಟ್ಟಿದಳು. ಕೊನೆಗೆ ಅವನು ಹರಿದ ಬಟ್ಟೆಯಂಥ ಒಂದು ಉಸಿರನ್ನು ಒಳಗೆಳೆದುಕೊಂಡ.

"ಅಮ್ಮಾ," ಮಗಳು ಪಿಸುಗುಟ್ಟಿದಳು, "ಇವನ ಸದ್ದು ಹೊರಗೆ ಕೇಳಿಸ್ಲಿಲ್ಲ ತಾನೆ?"

ಇಸ್ತ್ರಿಯಕ್ಕನ ಕೈ ಮಗಳ ಕೆನ್ನೆಗೆಂದು ಮೇಲೆದ್ದಿತು. ಮಗು ಕಣ್ಣು ಮುಚ್ಚಿಕೊಂಡಿತೇ ಹೊರತು ಅಳಲಿಲ್ಲ, ಆಗಲೂ ಸದ್ದು ಮಾಡಲಿಲ್ಲ. ಅದನ್ನು ಕಂಡು ಅವಳ ಕೈ ಗಾಳಿಯಲ್ಲೇ ನಿಂತಿತು. ಯಾರಿಗೆ ಹೊಡೆಯಬೇಕಾಗಿದ್ದ ಕೈ ಇದು! ಕಾಗದ ಕೊಡುವ ಕಚೇರಿಯ ಗಾಜಿನ ಕಿಟಕಿಯ ಹಿಂದೆ ಕೂತು 'ಮುಂದಿನವರು ಬನ್ನಿ' ಎನ್ನುವವನ ಮುಖಕ್ಕೋ, ಗೇಟಿನಲ್ಲಿ ಕೋಳ ಹಿಡಿದು ಕಾದವನ ಮುಖಕ್ಕೋ, ತಣ್ಣನೆಯ ಕೋಣೆಯಲ್ಲಿ ಕೂತು ಈ ಕಾನೂನು ಬರೆದು ಊಟಕ್ಕೆ ಎದ್ದವನ ಮುಖಕ್ಕೋ? ಅವರು ಒಬ್ಬರೂ ಈ ಮನೆಗೆ ಕಾಲಿಟ್ಟಿರಲಿಲ್ಲ. ಅವರ ಕೆಲಸವನ್ನು ಎಂಟು ವರ್ಷದ ಕೂಸು ಮಂಚದ ಕೆಳಗೆ ಮಾಡಿ ಮುಗಿಸುವುದರಲ್ಲಿತ್ತು. ಎತ್ತಿದ ಕೈ ಮಂಚದ ಕಬ್ಬಿಣಕ್ಕೆ ಬಡಿಯಿತು.

"ಅಣ್ಣಾ, ಫೋನ್ ಕೊಡಿ. ಆಂಬ್ಯುಲೆನ್ಸ್ ಕರೀಬೇಕು."

"ವಿಳಾಸ ಕೇಳ್ತಾರಮ್ಮ," ಬಡಗಿಯ ದನಿ ಇಳಿಯಿತು. "ಆಸ್ಪತ್ರೆಯಿಂದ ಮಾತು ಎಲ್ಲೆಲ್ಲಿಗೆ ಹೋಗುತ್ತೋ. ನಿನಗೆ ಗೊತ್ತಿಲ್ದೇ ಇರೋದೇನಿದೆ?"

"ಹೋಗ್ಲಿ! ಎಲ್ಲಿಗೆ ಬೇಕಾದ್ರೂ ಹೋಗ್ಲಿ! ಬರ್ಲಿ ಅವರು, ಈ ತುಟಿ ನೋಡ್ಲಿ!"

ವರ್ಷಗಳಿಂದ ಪಿಸುಮಾತಿನಲ್ಲೇ ಸಂಸಾರ ಮಾಡಿದವಳ ಕೂಗಿಗೆ ಮಹಡಿಯ ಬಾಗಿಲುಗಳು ಒಂದೊಂದಾಗಿ ಬಿರುಕು ಬಿಟ್ಟಂತೆ ತೆರೆದವು. ಬಡಗಿ ಫೋನು ಕೊಟ್ಟ. ಅವಳು ಮಗನನ್ನು ಹೆಗಲಿಗೆ ಹಾಕಿಕೊಂಡು ಬೀದಿಯ ಹೆಸರು ಹೇಳಿದಳು, ಕಟ್ಟಡದ ಗುರುತು ಹೇಳಿದಳು, ನಾಲ್ಕನೇ ಮಹಡಿ ಎಂದಳು.

ಅಷ್ಟರಲ್ಲಿ ಮಗಳು ಮಂಚದ ಮೇಲೆ ಹತ್ತಿ ನಿಂತು, ತನ್ನ ಪುಟ್ಟ ಅಂಗೈಯಿಂದ ಅಮ್ಮನ ಬಾಯಿ ಮುಚ್ಚಿದಳು.