ಬಿರುಕು ಮುಚ್ಚದ ತೊಲೆ

ವಯಸ್ಸು ನಲವತ್ತು ದಾಟಿದ್ದರೂ ಅಣ್ಣನ ಬಾಯಲ್ಲಿ ಅವಳು ಇನ್ನೂ ಪುಟ್ಟಿಯೇ. ಕಾಂಕ್ರೀಟು ತೊಲೆಗಳನ್ನು ಎರಕ ಹೊಯ್ಯುವ ಕಾರ್ಖಾನೆಯ ಹಿಂಬದಿಯಲ್ಲಿ ಅವಳ ಪ್ರಯೋಗಾಲಯ. ಆರು ವರ್ಷದಿಂದ ಪುಟ್ಟಿ ಅಲ್ಲಿ ಒಂದೇ ಹಟ ಹಿಡಿದು ಕೂತಿದ್ದಳು: ಬಿರುಕು ಬಿಟ್ಟರೆ ತಾನೇ ಮುಚ್ಚಿಕೊಳ್ಳುವ ತೊಲೆ ಮಾಡಬೇಕು. ಅದರೊಳಗೆ ಒಂದು ಜಾತಿಯ ಪ್ಲಾಸ್ಟಿಕ್ ಪಟ್ಟಿಯನ್ನು ಎಳೆದು ಉದ್ದ ಮಾಡಿ ಹೂತಿಡುತ್ತಿದ್ದಳು. ಕಾಯಿಸಿದರೆ ಪಟ್ಟಿಗೆ ತನ್ನ ಹಳೇ ಗಿಡ್ಡ ಆಕಾರ ನೆನಪಾಗಿ, ಮುದುಡಿಕೊಳ್ಳುತ್ತ ಬಿರುಕಿನ ಎರಡೂ ಬದಿಯನ್ನು ಎಳೆದು ಕೂಡಿಸುತ್ತದೆ. ಒಮ್ಮೆ ಮುದುಡಿತೋ, ಅದರ ಕೆಲಸ ಮುಗಿಯಿತು. ಕೇಳಲಿಕ್ಕೇನೋ ಚೆನ್ನ. ಆದರೆ ಒಂದು ಸಲ ಪಟ್ಟಿ ಜಾರುತ್ತಿತ್ತು, ಇನ್ನೊಂದು ಸಲ ತುಂಡಾಗುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಪುಟ್ಟಿಗೆ ಈಚೆಗೆ ಆ ಮುದ್ದೂ ಬತ್ತಿತ್ತು. ಬೆಳಿಗ್ಗೆ ಎದ್ದರೆ ಮೈ ಒದ್ದೆ ಗೋಣಿಯ ಹಾಗೆ ಭಾರ.

ಇವತ್ತು ಕೊನೆಯ ಪರೀಕ್ಷೆ. ಬಿರುಕು ಮುಚ್ಚದಿದ್ದರೆ ಪ್ರಯೋಗಾಲಯಕ್ಕೆ ಬೀಗ, ಅವಳಿಗೆ ಮನೆ ದಾರಿ ಎಂದು ಯಜಮಾನರು ಮುಲಾಜಿಲ್ಲದೆ ಹೇಳಿದ್ದರು. ಈಗ ಕೈಕಟ್ಟಿ ಎದುರಿಗೇ ನಿಂತಿದ್ದರು.

ಯಂತ್ರ ತೊಲೆಯನ್ನು ಒತ್ತಿತು. ನಡುವೆ ಕೂದಲೆಳೆಗಿಂತ ಸ್ವಲ್ಪ ದಪ್ಪದ ಬಿರುಕು ಮೂಡಿತು. ಪುಟ್ಟಿ ಒತ್ತಡ ತೆಗೆದು, ಸುತ್ತಲೂ ಕಾವಿನ ಹೊದಿಕೆ ಕಟ್ಟಿ ಸ್ಟೂಲಿನ ಮೇಲೆ ಕೂತಳು. ಕಾವು ಏರಿತು. ಬಿರುಕಿನ ಅಗಲ ತೋರಿಸುವ ಮುಳ್ಳು ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ. ಹಿಂದೆ ಸೋತಾಗೆಲ್ಲ ಪಟ್ಟಿ ಒಂದಿಷ್ಟಾದರೂ ಎಳೆದು ಸೋಲುತ್ತಿತ್ತು. ಇವತ್ತು ಅದೂ ಇಲ್ಲ.

ಎರಕದ ಕೆಲಸಕ್ಕಿದ್ದ ಅಣ್ಣ ಪಕ್ಕಕ್ಕೆ ಬಂದು, ಧೈರ್ಯ ಹೇಳುವವನಂತೆ ಪಿಸುಗುಟ್ಟಿದ.

"ಕಾಂಕ್ರೀಟಿನ ಚಿಂತೆ ಬಿಡು ಪುಟ್ಟಿ. ಚಳಿಗೆ ಗಟ್ಟಿಯಾಗಲ್ಲ ಅಂತ ಹೊಯ್ದ ದಿನಾನೇ ಟಾರ್ಪಾಲಿನೊಳಗೆ ಬಿಸಿಗಾಳಿ ಬಿಟ್ಟಿದ್ದೆ. ಕೈ ಸುಡೋ ಹಾಗೆ ಕಾಯಿಸಿದೀನಿ. ಕಲ್ಲಾಗಿದೆ ನೋಡು."

ಪುಟ್ಟಿ ಮುಳ್ಳಿನಿಂದ ಕಣ್ಣು ಕಿತ್ತು ಅವನತ್ತ ತಿರುಗಿದಳು. ಕಟ್ಟಡದ ಕೆಲಸದಲ್ಲೇ ಕೂದಲು ನರೆಸಿಕೊಂಡವನು ಅವನು. ಚಳಿಯಲ್ಲಿ ಹಸಿ ಕಾಂಕ್ರೀಟಿಗೆ ಶಾಖ ಕೊಡುವುದು ಅವನ ಪಾಲಿಗೆ ಕೂಸಿಗೆ ಕಂಬಳಿ ಹೊದಿಸಿದಂತೆ. ಆ ಶಾಖಕ್ಕೆ ಪಟ್ಟಿ ಹಸಿ ಕಾಂಕ್ರೀಟಿನೊಳಗೇ ಮುದುಡಿ, ಇದ್ದ ಒಂದು ಎಳೆತವನ್ನೂ ಮುಗಿಸಿಕೊಂಡಿತ್ತು. ಪಟ್ಟಿ ಇರುವ ಅಚ್ಚಿಗೆ ಕಾವು ತಾಗಿಸಬೇಡ ಎಂದು ಅವನು ಕೆಲಸಕ್ಕೆ ಬಂದ ದಿನವೇ ಹೇಳಿದ್ದಳು, ಅವನು ತಲೆಯಾಡಿಸಿದ್ದ. ತಂಗಿಯರ ಮಾತಿಗೆ ಅಣ್ಣಂದಿರು ತಲೆಯಾಡಿಸುವುದೇ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಲಿಕ್ಕೆ.

ಯಜಮಾನರು ಮುಳ್ಳನ್ನೇ ನೋಡುತ್ತ ಕೇಳಿದರು. "ಪಟ್ಟಿದೇ ತಪ್ಪಾ, ಇಲ್ಲಾ ಎರಕದಲ್ಲಿ ಯಾರಾದ್ರೂ ಎಡವಟ್ಟು ಮಾಡಿದಾರಾ? ಹಾಗಿದ್ರೆ ಹೇಳಿ, ಇನ್ನೊಂದು ತೊಲೆ ಹೊಯ್ಸೋಣ. ಮಾಡಿದವನನ್ನ ಮಾತ್ರ ಇಟ್ಕೊಳ್ಳಲ್ಲ."

ಹೇಳಿದರೆ ಆರು ವರ್ಷದ ಕೆಲಸ ಉಳಿಯುತ್ತದೆ, ಅಣ್ಣ ಹೋಗುತ್ತಾನೆ. ಎಲ್ಲೂ ಕೆಲಸ ಸಿಗದೆ ಅವಳ ಮನೆಯ ಮೂಲೆಯಲ್ಲಿ ತುಟಿಪಿಟಕ್ಕೆನ್ನದೆ ಕೂತಿದ್ದವನನ್ನು, ಇದೇ ಯಜಮಾನರಿಗೆ ದುಂಬಾಲು ಬಿದ್ದು ಸೇರಿಸಿದ್ದಳು. ಅತ್ತಿಗೆ ಈಗೀಗ ನಗತೊಡಗಿದ್ದಳು. ಪುಟ್ಟಿ ಅಣ್ಣನ ಮುಖ ನೋಡಿದಳು. ತಾನು ಏನು ಮಾಡಿದೆನೆಂಬ ಸುಳಿವೂ ಅಲ್ಲಿರಲಿಲ್ಲ.

"ಎರಕ ಸರಿಯಾಗೇ ಇದೆ ಸರ್," ಎಂದಳು. "ಪಟ್ಟಿ ಎಳೀಲಿಲ್ಲ."

ಇದನ್ನು ತ್ಯಾಗ ಎಂದು ಯಾರೂ ಹೊಗಳಬೇಕಾಗಿಲ್ಲ. ಅರ್ಧ ಅಣ್ಣನ ಮೇಲಿನ ಅಕ್ಕರೆ, ಇನ್ನರ್ಧ ಬರೀ ಸುಸ್ತು. ಇನ್ನೊಂದು ತೊಲೆ ಎಂಬ ಮಾತು ಕೇಳಿದಾಗಲೇ ಅವಳಿಗೆ ಅಳು ಬಂದಿತ್ತು. ಅಂತೂ ಮುಗಿಯಿತಲ್ಲ ಎಂದು ಒಳಗೊಳಗೇ ಹಾಯೆನಿಸಿತು, ಹಾಗೆನಿಸಿದ್ದಕ್ಕೆ ನಾಚಿಕೆಯೂ ಆಯಿತು.

ತಿಂಗಳ ಕೊನೆಗೆ ಬೀಗದಕೈ ಕೊಟ್ಟುಬಿಡಿ ಎಂದು ಹೇಳಿ ಯಜಮಾನರು ಹೊರಟುಹೋದರು. ಅಣ್ಣ ಹೊದಿಕೆ ಬಿಚ್ಚಿ ಮಡಿಸಿಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅವಳ ತಲೆ ಸವರಿದ.

"ಎದೆಗುಂದಬೇಡ. ಯಜಮಾನರಿಗೆ ನನ್ನ ಕೆಲಸದ ಮೇಲೆ ನಂಬಿಕೆ ಇದೆ. ನಿನಗೂ ಎರಕದ ಕಡೆ ಏನಾದ್ರೂ ಕೊಡಿ ಅಂತ ನಾನು ಕೇಳ್ತೀನಿ."

"ಕೇಳಣ್ಣ," ಎಂದಳು ಪುಟ್ಟಿ.