ಎದುರಿನಿಂದ ಬರುವವಳು

ಪಾರ್ಕಿನಲ್ಲಿ ಯಾರಾದರೂ ನನ್ನನ್ನು ಮಾತಾಡಿಸಿಬಿಟ್ಟರೆ? ಬೆಳಿಗ್ಗೆ ಎದ್ದ ಕೂಡಲೇ ನನಗೆ ಹುಟ್ಟುವ ಚಿಂತೆ ಇದು. ಅಕ್ಕನ ಕಾಯಿಲೆಗೆ ಚಿಂತಿಸಬೇಕಾದವಳು ನಾನು. ಆದರೆ "ಏನಮ್ಮ, ಚೆನ್ನಾಗಿದ್ದೀಯಾ" ಎಂದು ಕೇಳಿದವರಿಗೆ ಏನು ಉತ್ತರ ಕೊಡಲಿ ಎಂದೇ ನನ್ನ ಬಾಯಿ ಒಣಗುತ್ತದೆ. ಬಿ.ಎಸ್ಸಿ. ಮುಗಿಸಿದ್ದೇನೆ. ಬಸ್ಸಿನಲ್ಲಿ "ಇಳೀತೀನಿ" ಎನ್ನಲಾರದೆ ಮುಂದಿನ ಸ್ಟಾಪಿಗೆ ಹೋಗಿ ವಾಪಸ್ ನಡೆದು ಬಂದದ್ದೂ ಉಂಟು.

ಅಕ್ಕ ಪ್ರತಿಭಾಗೆ ಸ್ಕಿಜೋಫ್ರೇನಿಯಾ. ಗುಳಿಗೆ ಶುರುವಾದ ಮೇಲೆ ಅವಳ ಕಿವಿಯೊಳಗಿನ ದನಿಗಳು ತಗ್ಗಿದವು, ಹಸಿವು ಏರಿತು. ಮೈ ಊದಿತು. ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದು ನಿಂತಿತು. ಗುಳಿಗೆ ಎಷ್ಟು ಮುಖ್ಯವೋ ನಡಿಗೆಯೂ ಅಷ್ಟೇ ಮುಖ್ಯ, ದಿನಾ ನಡೆಸಿ ಎಂದರು ಡಾಕ್ಟರು. ವಿಜಯಪುರ ಬಿಟ್ಟು ಯಲಹಂಕಕ್ಕೆ ಬಂದು ಎಷ್ಟೋ ವರ್ಷವಾದರೂ ಅವ್ವನಿಗೆ ನೆರೆಹೊರೆಯ ಕಣ್ಣಿನ ಭಯ ಹೋಗಿಲ್ಲ.

"ಮ್ಯಾಲ ಟೆರೇಸಿನ್ಯಾಗ ತಿರಗಾಡ್ಲಿ. ಯಾರೂ ನೋಡೂದಿಲ್ಲ" ಎಂದಳು.

"ನಾ ಏನ ಒಗದ ಅರಿವೀನ, ಮ್ಯಾಲ ಒಣಗಾಕ?" ಎಂದಳು ಅಕ್ಕ.

ಹಾಗಾಗಿ ಪಾರ್ಕು. ಅಲ್ಲಿ ಎಲ್ಲರೂ ಪ್ರದಕ್ಷಿಣೆಯ ದಿಕ್ಕಿನಲ್ಲೇ ಸುತ್ತುತ್ತಾರೆ. ಗೇಟಿನ ಬೋರ್ಡಿನ ಮೇಲೆ ಬಾಣದ ಗುರುತೂ ಇದೆ. ಮೊದಲ ದಿನ ನಾವೂ ಹಾಗೇ ಹೊರಟೆವು. ಅರ್ಧ ಸುತ್ತಾಗುವುದರೊಳಗೆ ಅಕ್ಕ ನಿಂತಳು. ಹಿಂದಿರುಗಿ ನೋಡಿದಳು, ಸ್ವಲ್ಪ ನಡೆದಳು, ಮತ್ತೆ ನೋಡಿದಳು. ಹಿಡಿದರೆ ಕೈ ತಣ್ಣಗಿತ್ತು.

"ಬೆನ್ನ ಹಿಂದ ಬರಾಕತ್ತಾರ."

ಮನೆಗೆ ಹೋಗೋಣ ಎಂದೆ. ಅವಳು ಒಪ್ಪಲಿಲ್ಲ. ಒಂದಿಷ್ಟು ಹೊತ್ತು ನಿಂತು, ಬಂದ ದಾರಿಗೇ ತಿರುಗಿ, ಎಲ್ಲರಿಗೂ ಎದುರಾಗಿ ನಡೆಯತೊಡಗಿದಳು. ಈಗ ಎಲ್ಲರ ಮುಖವೂ ಕಾಣುತ್ತಿತ್ತು. ಬಂದರು, ದಾಟಿದರು, ಹೋದರು. ಬೆನ್ನ ಹಿಂದೆ ಯಾರೂ ಉಳಿಯಲಿಲ್ಲ. ಅಕ್ಕನ ಕೈ ಬೆಚ್ಚಗಾಯಿತು.

ಅಂದಿನಿಂದ ಅವಳೇ ಶೂ ಕಟ್ಟಿಕೊಂಡು ನನ್ನ ಹೊದಿಕೆ ಎಳೆಯುತ್ತಾಳೆ. ಹಗಲೆಲ್ಲ ಮಲಗುವುದು ಬಿಟ್ಟಿದ್ದಾಳೆ. ಅವ್ವನ ಪಲ್ಯಕ್ಕೆ ಉಪ್ಪು ಸಾಲದು ಎಂದು ಜಗಳ ತೆಗೆಯುವಷ್ಟು ಹುರುಪು ಬಂದಿದೆ.

ಹೀಗೆ ಉಲ್ಟಾ ಯಾಕೆ, ಮೈ ಯಾಕೆ ಇಷ್ಟು ಊದಿದೆ ಎಂದು ಒಂದು ದಿನ ಸರಳಾ ಆಂಟಿ ಕೇಳಿದರು. ನಮ್ಮ ಹಿಂದಿನ ಬೀದಿಯವರು, ದಿನವೂ ವಾಕಿಂಗಿಗೆ ಬರುವವರು. ಅವ್ವ ಕಲಿಸಿಟ್ಟಿದ್ದ ಮಾತು ಬಾಯಿಗೆ ಬಂತು: "ಥೈರಾಯ್ಡ್." ಮರುದಿನ ಅವರು ಬಾಟಲಿಯಲ್ಲಿ ಕೊತ್ತಂಬರಿ ಬೀಜ ನೆನೆಸಿದ ನೀರು ತಂದರು.

"ಖಾಲಿ ಹೊಟ್ಟೇಲಿ ಕುಡಿ ಪುಟ್ಟಾ. ನಮ್ಮ ನಾದಿನಿಗೆ ಮಾತ್ರೇನೇ ಬಿಟ್ಟೋಯ್ತು."

ಅಕ್ಕ ಕುಡಿದು, "ಸಾರಿನ ವಾಸನಿ" ಎಂದಳು. ಮಾತ್ರೆ ಬಿಡುವ ಮಾತು ಕೇಳಿದ ನಾನು ಮಾತ್ರ ಮನೆಗೆ ಬಂದವಳೇ ಅವಳ ಗುಳಿಗೆ ಎಣಿಸಿ ನೋಡಿದೆ.

ನಿನ್ನೆ ಚಿಕ್ಕಮುನಿಯಪ್ಪನವರು ನಮ್ಮನ್ನು ತಡೆದರು. ಬಡಾವಣೆಯ ಸಂಘದ ಅಧ್ಯಕ್ಷರು. ಪಾರ್ಕಾಗುವ ಮೊದಲು ಇದು ಅವರ ತಂದೆಯ ರಾಗಿ ಹೊಲವಾಗಿತ್ತಂತೆ.

"ಎಲ್ಲಾ ಇಂಗೋದ್ರೆ ನೀವು ಅಂಗೋಗ್ತೀರಲ್ಲಮ್ಮ. ದೇವಸ್ತಾನದಾಗೂ ಇಂಗೇ ಸುತ್ತೀರಾ?"

ಹಿಂದಿದ್ದವರು ನಕ್ಕರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹತ್ತಿರದ ವಾಯುನೆಲೆಯ ವಿಮಾನವೊಂದು ತಲೆಯ ಮೇಲೆ ಗುಡುಗಿಕೊಂಡು ಹೋಯಿತು. ಅದು ಅಡಗುವ ಹೊತ್ತಿಗೆ ನಾನು ಅಕ್ಕನ ಕೈ ಹಿಡಿದು ಗೇಟಿನ ಹತ್ತಿರ ಇದ್ದೆ.

"ನಾಳೆಯಿಂದ ನೆಟ್ಟಗೆ ಸುತ್ತಂಗಿದ್ರೆ ಬನ್ನಿ, ಇಲ್ದಿದ್ರೆ ಬರಬ್ಯಾಡಿ" ಎಂಬ ಮಾತು ಬೆನ್ನಿಗೆ ಬಿತ್ತು.

ಮನೆಗೆ ಬಂದು ನಡೆದದ್ದು ಹೇಳಿದೆ. "ನಾ ಹೇಳಿದ್ನಲ್ಲ, ಟೆರೇಸ್ ಐತಿ ಅಂತ" ಎಂದಳು ಅವ್ವ, ರೊಟ್ಟಿ ಬಡಿಯುತ್ತಲೇ.

ಅಕ್ಕ ಶೂ ಬಿಚ್ಚದೆ ಕುಳಿತಿದ್ದಳು. "ಥೈರಾಯ್ಡ್ ಯಾರಿಗೈತಿ?" ಎಂದು ನನ್ನನ್ನೇ ಕೇಳಿದಳು. "ನನ್ನ ಬ್ಯಾನಿಗೆ ಅದರದ ಹೆಸರ ಐತಿ. ನಾ ಹೇಳಿದ್ರ ಹುಚ್ಚಿ ಮಾತು ಅಂತಾರ. ನೀ ಹೇಳು."

"ಹೇಳಿದ್ರ ಮಂದಿ ಏನಂದಾರು?" ಎಂದಳು ಅವ್ವ.

"ಈಗೇನ ಹೊಗಳಾಕತ್ತಾರ?"

ಅವ್ವನ ಕೈ ರೊಟ್ಟಿಯ ಮೇಲೆ ನಿಂತಿತು.

ಈ ಬೆಳಿಗ್ಗೆ ಅಕ್ಕ ನನಗಿಂತ ಮೊದಲೇ ಬಾಗಿಲಲ್ಲಿದ್ದಳು. ಗೇಟು ದಾಟಿ ಅವಳು ಬಾಣದ ಗುರುತನ್ನು ನೋಡಿ, ಅದರ ವಿರುದ್ಧಕ್ಕೆ ತಿರುಗಿದಳು. ನಾನೂ ತಿರುಗಿದೆ. ಮೊದಲ ತಿರುವಿನಲ್ಲೇ ಚಿಕ್ಕಮುನಿಯಪ್ಪನವರು ದಾರಿಯ ನಡುವೆ ನಿಂತರು. ಅವರ ಹಿಂದೆ ಸರಳಾ ಆಂಟಿ, ಇನ್ನೂ ಕೆಲವರು. ಅಕ್ಕ ಸರಿಯಲಿಲ್ಲ. ಅವರೂ ಸರಿಯಲಿಲ್ಲ.

"ನೆನ್ನೆ ಯೋಳಿದ್ದು ಅರ್ತ ಆಗ್ಲಿಲ್ವ?"

"ಬಿಡಿ ಸರ್, ಪಾಪ, ಆ ಹುಡುಗೀಗೆ ಥೈರಾಯ್ಡ್" ಎಂದರು ಸರಳಾ ಆಂಟಿ.

"ಥೈರಾಯ್ಡು ನಂಗೂ ಐತೆ ಕಣಮ್ಮ. ನಾನು ನೆಟ್ಟಗೆ ಓಗ್ತಾ ಇಲ್ವ?"

ಸುಳ್ಳು ಅಲ್ಲಿಗೇ ಮುಗಿದಿತ್ತು. ಅಕ್ಕ ನನ್ನ ಕಡೆ ನೋಡಿದಳು, ಬೇಡುವ ನೋಟವಲ್ಲ, ಕಾಯುವ ನೋಟ. ಮತ್ತೆ ವಿಮಾನ ಬಂತು. ನಿನ್ನೆ ಅದರ ಸದ್ದಿನಲ್ಲಿ ತಪ್ಪಿಸಿಕೊಂಡಿದ್ದೆ. ಇವತ್ತು ಅದರೊಳಗೇ ಮಾತು ಶುರುಮಾಡಿದೆ. ಕೇಳಿಸದೆ ಚಿಕ್ಕಮುನಿಯಪ್ಪನವರು ಕಿವಿಗೆ ಕೈ ಹಿಡಿದರು. ನಾನು ದನಿ ಏರಿಸಿದೆ, ಇನ್ನೂ ಏರಿಸಿದೆ. ನನಗೆ ಇಷ್ಟು ದನಿ ಇದೆಯೆಂದು ನನಗೇ ಗೊತ್ತಿರಲಿಲ್ಲ. ವಿಮಾನ ಥಟ್ಟನೆ ಮರಗಳಾಚೆ ಮರೆಯಾಯಿತು. ಏರಿದ ದನಿ ಇಳಿಸಲು ಬಾರದೆ, ಇಡೀ ಪಾರ್ಕಿಗೆ ಕೇಳುವಂತೆ ನಾನು ಹೇಳುತ್ತಿದ್ದೆ:

"ಥೈರಾಯ್ಡ್ ಅಲ್ಲ. ನಮ್ಮಕ್ಕಂಗೆ ಸ್ಕಿಜೋಫ್ರೇನಿಯಾ. ಬೆನ್ನ ಹಿಂದೆ ಹೆಜ್ಜೆ ಕೇಳಿದ್ರೆ ಹೆದರ್ತಾಳೆ, ಎದುರಿಗೆ ಮುಖ ಕಂಡ್ರೆ ಹೆದರಲ್ಲ. ಅವಳು ನಡೀಲೇಬೇಕು. ಹಿಂಗೇ ನಡೀತಾಳೆ. ನೀವು ಸ್ವಲ್ಪ ಪಕ್ಕಕ್ಕೆ ಬನ್ನಿ."